ಗಾಳ, ಗೆಳೆಯರು ಮತ್ತು ಏಪ್ರಿಲ್ ತಿಂಗಳ ನೀರು



ವೈದ್ಯರನ್ನು ವೇದಿಕೆಗೆ ಕರೆದರೆ ಮಧುಮೇಹ, ರಕ್ತದೊತ್ತಡಗಳ ಪ್ರಸ್ತಾಪ ಬಂದೇ ಬರುತ್ತದೆಂದು ಅಂಜಿ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಮೊದಲೇ ಅಭಯ ನೀಡುತ್ತೇವೆ. ಇಂದಿನ ವಿಷಯ ಮೀನು. ನಾವು ಎಂದರೆ ನಾಲ್ವರು ಗೆಳೆಯರು: ಇಬ್ಬರು ವೈದ್ಯರು, ಒಬ್ಬ ಇಂಜಿನಿಯರು, ಒಬ್ಬ ಕಾಲೇಜು ಉಪಾಧ್ಯಾಯರು. 1995ರಲ್ಲಿ ರೆಸಿಡೆನ್ಸಿಗೆಂದು ಡೆಟ್ರಾಯಿಟ್‌ಗೆ ಬಂದ ಮರುವರ್ಷದಿಂದ ಇಂದಿನವರೆಗೆ ಈ ಹವ್ಯಾಸವನ್ನು ಬಿಡದೆ ನಡೆಸಿಕೊಂಡು ಬಂದಿದ್ದೇವೆ.

ನಮ್ಮಲ್ಲಿ ಯಾರೂ ಬೆಸ್ತರ ಮನೆಯಲ್ಲಿ ಹುಟ್ಟಿದವರಲ್ಲ. ಇಂಜಿನಿಯರು ಹೇಮಾವತಿಯ ದಂಡೆಯವರು. ಬಿದಿರಿನ ಕೋಲು, ನೂಲಿನ ದಾರ, ಬೆಂಡಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು, ಇಷ್ಟೇ ಅವರ ಬಾಲ್ಯದ ಸಲಕರಣೆ. ಉಪಾಧ್ಯಾಯರು ಶೃಂಗೇರಿಯ ಕಡೆಯವರು. ತುಂಗೆಯ ಮೆಟ್ಟಿಲುಗಳಲ್ಲಿ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚಿ ಬೆಳೆದವರು. ಗಾಳ ಹಿಡಿಯಲು ಅವರಿಗೆ ಎರಡು ವರ್ಷ ಕೈ ಬರಲಿಲ್ಲ. ಇನ್ನು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿದ ನಮ್ಮಿಬ್ಬರಿಗೆ ಗೊತ್ತಿದ್ದ ಮೀನಿನ ಕಥೆ ಒಂದೇ. ಮೃಗಗಳ ಚರ್ಮ ಹದಮಾಡುವುದರಲ್ಲಿ ಹೆಸರಾದ ಆ ಊರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಗಾಳಕ್ಕೆ ಕೆಡವಿದ 120 ಪೌಂಡಿನ ಮಹಸೀರ್. ಕಾವೇರಿಯ ಆ ಗೂನುಬೆನ್ನಿನ ಮಹಸೀರಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದು ಅಳಿವಿನ ಅಂಚಿನಲ್ಲಿದೆಯೆಂದು ಘೋಷಿತವಾದದ್ದೂ ಅದೇ ವರ್ಷ.

ಇಲ್ಲಿ ನಮ್ಮ ಪಾಲಿಗೆ ಒದಗಿದ ಮೀನು ವಾಲ್‌ಐ. ಸೇಂಟ್ ಕ್ಲೇರ್ ಸರೋವರದಿಂದ ಈರಿ ಸರೋವರಕ್ಕೆ ಹರಿಯುವ ಡೆಟ್ರಾಯಿಟ್ ನದಿಗೆ ಪ್ರತಿ ವಸಂತದಲ್ಲಿ ಅದು ಮೊಟ್ಟೆಯಿಡಲು ಏರಿಬರುತ್ತದೆ. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ನಮ್ಮೂರ ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದೂ ಅಂಥದೇ ಪದರದಿಂದ. ಆದುದರಿಂದ ಮಸುಕು ಬೆಳಕಿನಲ್ಲಿ ಅದು ಬೇಟೆಗಾರ, ಪ್ರಖರ ಬಿಸಿಲಿನಲ್ಲಿ ಸಂಕೋಚದ ಪ್ರಾಣಿ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡ ಝೀಬ್ರಾ ಚಿಪ್ಪುಜೀವಿ ನೀರನ್ನು ಸೋಸಿ ಸೋಸಿ ತಿಳಿಗೊಳಿಸಿದ ಮೇಲಂತೂ ನಸುಕಿಗೆ ಅಥವಾ ಮೋಡ ಕವಿದ ದಿನ ಹೋಗುವುದೇ ಲೇಸು.

ಸಲಕರಣೆಯ ವಿಚಾರ ಬಹಳವಿಲ್ಲ. ಆರು ಅಥವಾ ಆರೂವರೆ ಅಡಿಯ ಒಂದು ರಾಡು, ಸಾಧಾರಣ ಸ್ಪಿನ್ನಿಂಗ್ ರೀಲು, ಹತ್ತು ಪೌಂಡಿನ ಹೆಣೆದ ದಾರ, ಮುಕ್ಕಾಲು ಔನ್ಸ್ ತೂಕದ ಸೀಸದ ತಲೆಯ ಜಿಗ್, ಅದಕ್ಕೆ ಪೋಣಿಸಲು ಸಣ್ಣ ಮೀನು. ದೋಣಿ ಹರಿವಿನ ವೇಗದಲ್ಲೇ ಸಾಗಬೇಕು. ದಾರ ನೇರ ಕೆಳಗಿಳಿದು ಜಿಗ್ ತಳವನ್ನು ತಟ್ಟಬೇಕು. ತಳ ಮುಟ್ಟದ ಜಿಗ್ ಎಷ್ಟೇ ಬಣ್ಣದ್ದಾಗಲಿ, ಪ್ರಯೋಜನವಿಲ್ಲ.

ಇಷ್ಟೇ ಸಾಕೆಂದು ತಿಳಿದೂ ನಾವು ಪ್ರತಿ ಚಳಿಗಾಲ ಔಟ್‌ಡೋರ್ ಷೋಗಳಿಗೆ ಹೋಗಿ ಜೇಬು ಹಗುರಮಾಡಿಕೊಂಡು ಬರುತ್ತೇವೆ. ನೋವಿ ಪಟ್ಟಣದಲ್ಲಿ ಫೆಬ್ರವರಿ ಕೊನೆಗೆ ನಡೆಯುವ ಔಟ್‌ಡೋರಾಮಾ ನಿಮ್ಮಲ್ಲಿ ಹಲವರ ಮನೆಗೆ ಹತ್ತಿರವೇ. ಹೊರಗೆ ಹಿಮ, ಒಳಗೆ ಹೊಸ ದೋಣಿಗಳ ಬಣ್ಣದ ವಾಸನೆ. ನಮ್ಮ ಕಡೆಯ ಜಾತ್ರೆಗೂ ಇಂಥ ಷೋಗೂ ಹೆಚ್ಚು ಅಂತರವಿಲ್ಲ: ಬತ್ತಾಸಿನ ಜಾಗದಲ್ಲಿ ಒಣಮಾಂಸದ ತುಣುಕು, ಗಿಲಕಿಯ ಜಾಗದಲ್ಲಿ ಕೃತಕ ಎರೆ. ಮಕ್ಕಳಿಗೆ ಟ್ರೌಟ್ ಮೀನು ಬಿಟ್ಟ ಕೊಳವಿರುತ್ತದೆ. ನಿಪುಣನೊಬ್ಬ ಗಾಜಿನ ದೊಡ್ಡ ತೊಟ್ಟಿಯಲ್ಲಿ ಎರೆಯನ್ನು ಕುಣಿಸಿ ತೋರುತ್ತಾನೆ. ಗೂಡುಗೂಡಾಗಿ ಜೋಡಿಸಿದ ಆ ಬಣ್ಣಗಳು ಮೀನನ್ನು ಹಿಡಿಯುವುದಕ್ಕೆ ಮುಂಚೆ ನಮ್ಮಂಥವರನ್ನು ಹಿಡಿಯುತ್ತವೆ. ನಮ್ಮ ಅನುಭವದಲ್ಲಿ ಅಲ್ಲಿ ನಿಜವಾಗಿ ಲಾಭವಿರುವುದು ಉಪನ್ಯಾಸಗಳಲ್ಲಿ. ವಾರದ ದಿನ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಎರೆಯ ಬಣ್ಣ ಯಾವುದೆಂದು ಕೇಳಬೇಡಿ. ನೀರಿನ ಆಳವೆಷ್ಟು, ಉಷ್ಣತೆಯೆಷ್ಟು ಎಂದು ಕೇಳಿ. ಬಾಡಿಗೆ ದೋಣಿಯವರೊಡನೆ ಮಾತಾಡುವಾಗ ಕ್ಯಾಪ್ಟನ್ ಬಳಿ ಕೋಸ್ಟ್ ಗಾರ್ಡ್ ಪರವಾನಗಿ ಇದೆಯೇ ಎಂದು ವಿಚಾರಿಸಲು ನಾಚಬೇಡಿ.

2009ರ ಚಳಿಗಾಲದಲ್ಲಿ ಅಂಥದೊಂದು ಷೋದಿಂದ ನಾವು ನಾಲ್ವರು ಸೇರಿ ಸುಮಾರು 140 ಡಾಲರಿನ ಕೃತಕ ಎರೆ ಕೊಂಡುತಂದೆವು. ಮೂಲೆಯಲ್ಲಿ ಲೈಫ್ ಜಾಕೆಟ್ ಮಾರುತ್ತಿದ್ದ ಮಳಿಗೆಯೊಂದಿತ್ತು. ನಮ್ಮಲ್ಲೊಬ್ಬರು ಒಂದನ್ನು ತೊಟ್ಟು ನೋಡಿ, ಯಕ್ಷಗಾನದ ವೇಷದಂತಿದೆಯೆಂದು ನಕ್ಕು ಬಿಚ್ಚಿಟ್ಟರು. ದೋಣಿಯಲ್ಲಿ ನಾಲ್ಕು ಜಾಕೆಟ್‌ಗಳು ಆಗಲೇ ಇದ್ದವು. ತಲೆಗೊಂದರಂತೆ ಇರಬೇಕೆಂಬುದು ಕಾನೂನು, ಇದ್ದವು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲದಲ್ಲೇ, ಆಸನದ ಕೆಳಗೆ.

ಯುಗಾದಿ ಕಳೆದ ಎರಡನೆಯ ವಾರ. ವೈಯಂಡಾಟ್ ಊರಿನ ಬಳಿ ನದಿಯಲ್ಲಿ ನಮ್ಮ ದೋಣಿ. ನೀರಿನ ಉಷ್ಣತೆ ಫ್ಯಾರನ್‌ಹೀಟ್ 42 ಡಿಗ್ರಿ, ಎಂದರೆ ಸುಮಾರು ಐದೂವರೆ ಸೆಲ್ಸಿಯಸ್. ಉಪಾಧ್ಯಾಯರ ಗಾಳಕ್ಕೆ ಒಳ್ಳೆಯ ಮೀನು ಬಿದ್ದಿತ್ತು. ಇಂಜಿನಿಯರು ಕೈಬಲೆ ಹಿಡಿದು ಎದ್ದುನಿಂತು ಬಾಗಿದರು. ಅದೇ ಗಳಿಗೆಗೆ ಹಾದುಹೋದ ಇನ್ನೊಂದು ದೋಣಿಯ ಅಲೆ ಬಡಿಯಿತು. ಅವರು ಸದ್ದಿಲ್ಲದೆ ನೀರಿಗೆ ಜಾರಿದರು.

ಆರಡಿ ದೂರದಲ್ಲಿ ತಲೆ ಮೇಲೆ ಬಂತು. ಬಾಯಿ ತೆರೆದಿತ್ತು, ಧ್ವನಿಯಿರಲಿಲ್ಲ. ಹೇಮಾವತಿಯಲ್ಲಿ ಈಜಿ ಬೆಳೆದವರು ಅವರು. ಆ ಈಜು ಅಲ್ಲಿ ಸಹಾಯಕ್ಕೆ ಬರಲಿಲ್ಲ. ಬಿದ್ದಾಗಲೂ ಅವರು ಕೈಬಿಡದಿದ್ದ ಬಲೆಯ ಬಳೆಯನ್ನು ನಾವು ಹೇಗೋ ಹಿಡಿದು ಎಳೆದೆವು. ದೋಣಿಯ ಅಂಚಿಗೆ ಬರುವಷ್ಟರಲ್ಲಿ ಅವರ ಬೆರಳುಗಳು ಮಡಚಲಾರದೆ ಹಿಡಿ ಕಳಚಿತು. ಇಬ್ಬರು ತೋಳು ಹಿಡಿದುಕೊಂಡೆವು. ನೀರು ಕುಡಿದ ಬಟ್ಟೆ, ಬೂಟುಗಳ ಭಾರ ಸೇರಿ ಮೂವರು ಸೇರಿದರೂ ಮೇಲೆತ್ತಲಾಗಲಿಲ್ಲ. ಕಂಕುಳ ಕೆಳಗೆ ಹಗ್ಗ ಬಿಗಿದು ಹಿಡಿದುಕೊಂಡು ಕೂಗಿದೆವು. ಇಬ್ಬರು ವೃದ್ಧರಿದ್ದ ದೋಣಿಯೊಂದು ಬಂತು. ಅವರ ಬಳಿ ಏಣಿಯಿತ್ತು. ಒಟ್ಟು ಏಳೆಂಟು ನಿಮಿಷವೆಂದು ಆಮೇಲೆ ಲೆಕ್ಕ ಹಾಕಿದೆವು. ಆಗ ಗಡಿಯಾರ ನೋಡಿದವರಿಲ್ಲ. ದಡದಲ್ಲಿ ಆಂಬುಲೆನ್ಸ್ ಬರುವ ಮುನ್ನ ಆ ವೃದ್ಧರಲ್ಲೊಬ್ಬರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ, ಇವರ ಜಾಕೆಟ್ ಎಲ್ಲಿ? ಇಬ್ಬರು ವೈದ್ಯರು ಅಲ್ಲೇ ನಿಂತಿದ್ದೆವು. ಉತ್ತರವಿರಲಿಲ್ಲ.

ಗೆಳೆಯರು ಉಳಿದರು, ಇಂದು ಈ ಸಭೆಯಲ್ಲೇ ಇದ್ದಾರೆ, ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಅವರ ಶ್ರೀಮತಿಯವರು ಆ ರಾತ್ರಿ ಆಸ್ಪತ್ರೆಯಲ್ಲಿ ನಮ್ಮೊಡನೆ ಮಾತಾಡಲಿಲ್ಲ. ಮುಂದಿನ ಯುಗಾದಿಯವರೆಗೂ ಆಡಲಿಲ್ಲ. ಅದು ನ್ಯಾಯವೇ ಆಗಿತ್ತು.

ವೈದ್ಯವಿದ್ಯಾರ್ಥಿಗಳಾಗಿ ನಾವು ಓದಿದ್ದು ದೇಹ ತಣಿದು ಸಾಯುವುದನ್ನು. ಆದರೆ ತಣ್ಣೀರು ಅದಕ್ಕೆ ಬಹಳ ಮುಂಚೆಯೇ ಕೊಲ್ಲುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಒಂದು, ಹತ್ತು, ಒಂದು ಎಂಬ ಸುಲಭ ಸೂತ್ರದಲ್ಲಿ ಹೇಳಿದ್ದಾರೆ. ಮೊದಲ ಒಂದು ನಿಮಿಷ ಉಸಿರು ಅಂಕೆಯಲ್ಲಿರುವುದಿಲ್ಲ; ಆಗ ತಲೆ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ನಂತರದ ಹತ್ತು ನಿಮಿಷ ಮಾತ್ರ ಕೈಕಾಲು ಅರ್ಥಪೂರ್ಣವಾಗಿ ಆಡುತ್ತವೆ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಇದೆ. ಆ ಗಂಟೆಯನ್ನು ಬಳಸಿಕೊಳ್ಳಬೇಕಾದರೆ ಮುಖವನ್ನು ನೀರಿನ ಮೇಲೆ ಹಿಡಿದಿಡುವ ವಸ್ತು ಮೈಮೇಲೆ ಇರಬೇಕು. ಬಿದ್ದ ಮೇಲೆ ತೊಡುತ್ತೇವೆಂಬುದು ಭ್ರಮೆ, ಏಕೆಂದರೆ ಬಕಲು ಹಾಕುವ ಬೆರಳುಗಳೇ ಆಗ ನಮ್ಮವಲ್ಲ. ಈ ದೇಶದಲ್ಲಿ ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರ ಪೈಕಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಜನ ಜಾಕೆಟ್ ತೊಟ್ಟಿರುವುದಿಲ್ಲವೆಂದು ಕೋಸ್ಟ್ ಗಾರ್ಡ್ ಅಂಕಿಅಂಶಗಳು ವರ್ಷವರ್ಷವೂ ಹೇಳುತ್ತವೆ. ನೀರಿನಿಂದ ಎತ್ತಿದವರನ್ನು ಮಲಗಿಸಿಯೇ ಇಡಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಸುತ್ತಿ, ಕೈಕಾಲು ಉಜ್ಜಬೇಡಿ. ಬ್ರಾಂದಿ ಕೊಡುವುದು ಸಿನಿಮಾದ ವೈದ್ಯ, ಅದು ಬೇಡ.

ಗಾಳದ ಮುಳ್ಳು ಚರ್ಮಕ್ಕೆ ನೆಟ್ಟುಕೊಂಡು ಬರುವವರನ್ನು ಪ್ರತಿ ಬೇಸಿಗೆಯಲ್ಲಿ ಕಾಣುತ್ತೇವೆ. ಸೀದಾ ಹಿಂದಕ್ಕೆ ಕೀಳಬೇಡಿ, ಮುಳ್ಳಿನ ಗರಿ ಮಾಂಸ ಹರಿಯುತ್ತದೆ. ಕಣ್ಣಿಗೆ ಅಥವಾ ಅದರ ಸನಿಹಕ್ಕೆ ಚುಚ್ಚಿದ್ದರೆ ಮುಟ್ಟಲೇಬೇಡಿ. ಕಾಗದದ ಬಟ್ಟಲು ಮುಚ್ಚಿ ಆಸ್ಪತ್ರೆಗೆ ಬನ್ನಿ. ಗರಿಯನ್ನು ಇಕ್ಕಳದಿಂದ ಒತ್ತಿ ಮಡಚಿಬಿಟ್ಟರೆ ಈ ತೊಂದರೆ ಬಹುಪಾಲು ಇಲ್ಲ, ಬಿಟ್ಟುಬಿಡುವ ಮೀನಿಗೂ ಹಿಂಸೆ ಕಡಿಮೆ.

ಇನ್ನು ತಿನ್ನುವವರಿಗೆ ಒಂದು ಮಾತು. 1970ರಲ್ಲಿ ಈ ನೀರಿನ ಮೀನುಗಳಲ್ಲಿ ಪಾದರಸ ಪತ್ತೆಯಾಗಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸ್ಥಿತಿ ಈಗ ಎಷ್ಟೋ ಉತ್ತಮವಾಗಿದೆ. ಆದರೂ ಪಾದರಸ ಮಾಂಸದಲ್ಲೇ ಇರುವುದರಿಂದ ಹುಣಸೆಹಣ್ಣು ಹಾಕಿ ಎಷ್ಟು ಕುದಿಸಿದರೂ ಹೋಗದು. ಗರ್ಭಿಣಿಯರಿಗೆ, ಮಕ್ಕಳಿಗೆ ಎಷ್ಟು ಬಡಿಸಬಹುದೆಂಬುದನ್ನು ಮಿಷಿಗನ್ ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸುವ ಕೈಪಿಡಿಯಲ್ಲಿ ನೋಡಿಕೊಳ್ಳಿ.

ನಮ್ಮಲ್ಲಿಬ್ಬರು ಸಸ್ಯಾಹಾರಿಗಳು. ತಿನ್ನದ ಮೀನನ್ನು ಯಾಕಪ್ಪಾ ಹಿಡೀತೀಯ ಎಂದು ಉಪಾಧ್ಯಾಯರ ತಾಯಿಯವರು ಟೆಲಿಫೋನಿನಲ್ಲಿ ಕೇಳಿದ್ದರು. ಹಿಡಿದು ಬಿಟ್ಟುಬಿಡುತ್ತೇವಮ್ಮ ಎಂದದ್ದಕ್ಕೆ, ಹಾಗಾದರೆ ಹಿಡಿಯೋದೇ ಯಾಕೆ ಎಂದರು. ಸಮರ್ಪಕ ಉತ್ತರ ನಮಗಿನ್ನೂ ಹೊಳೆದಿಲ್ಲ. ನಸುಕಿನ ನೀರಿನ ಮೇಲೆ ಹಬೆಯೇಳುವಾಗ ನಾಲ್ಕು ಜನ ಕನ್ನಡದಲ್ಲಿ ಪಿಸುಗುಡುತ್ತ ಕುಳಿತಿರುವ ಸುಖಕ್ಕೆ ಮೀನು ಒಂದು ನೆವವೆಂದು ಮಾತ್ರ ಹೇಳಬಲ್ಲೆವು.

ಮುಂದಿನ ತಿಂಗಳು ಕೂಟದ ಕುಟುಂಬಗಳನ್ನು ನದಿಗೆ ಕರೆದೊಯ್ಯುವುದೆಂದು ಸಮಿತಿ ತೀರ್ಮಾನಿಸಿದೆ. ಹೊರಗೆ ನಮ್ಮ ಕಾರಿನಲ್ಲಿ ಎಂಟು ಜಾಕೆಟ್‌ಗಳಿವೆ, ಅವುಗಳಲ್ಲಿ ಮೂರು ಮಕ್ಕಳ ಅಳತೆಯವು. ಗಾಳಿ ತುಂಬಿ ಉಬ್ಬುವ ಬಗೆಯವನ್ನು ತಂದಿಲ್ಲ. ಅವು ಮಕ್ಕಳಿಗೂ ಈಜು ಬಾರದವರಿಗೂ ತಕ್ಕವಲ್ಲ. ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದಾಗ ಜಾಕೆಟ್ ಗಲ್ಲದ ಆಚೆಗೆ ಏರಬಾರದು, ಅದೇ ಪರೀಕ್ಷೆ. ಊಟಕ್ಕೆ ಇನ್ನೂ ಅರ್ಧ ಗಂಟೆಯಿದೆಯಂತೆ. ಬರುವವರು ಈಗಲೇ ಬಂದು ಅಳತೆ ನೋಡಿಕೊಳ್ಳಬಹುದು.