ಮುಖಕ್ಷೌರದ ಸುಖ

ಕ್ಷೌರವೂ ಒಂದು ಹವ್ಯಾಸವೆಂದರೆ ತಾವು ನಗಬಹುದು. ಆದರೆ ಬಾಲ್ಯದಲ್ಲಿ ಕೊಟ್ಟೂರಿನ ನಮ್ಮ ಜಗುಲಿಯಲ್ಲಿ ಮುದುಕ ಕ್ಷೌರಿಕರೊಬ್ಬರು ಹಡಪವನ್ನು ಬಿಚ್ಚಿ, ಗಡ್ಡವನ್ನು ನೆನೆಸಿ, ತೊಗಲ ಪಟ್ಟಿಯ ಮೇಲೆ ಕತ್ತಿಯನ್ನು ತೀಡುತ್ತಿದ್ದುದನ್ನು ನಾನು ಮೈಮರೆತು ನೋಡುತ್ತಿದ್ದೆನು. "ಅವಸರ ಮಾಡಿದ್ರ ರಕ್ತ ಬರ್ತೈತಿ, ತಮ್ಮಾ" ಎನ್ನುತ್ತಿದ್ದರು.

1903ರಲ್ಲಿ ಅಮೆರಿಕದ ಜಿಲೆಟ್ ಎಂಬಾತನು ಬಳಸಿ ಬಿಸುಡುವ ಅಲಗನ್ನು ಮಾರಾಟಕ್ಕೆ ತಂದನು. ಕ್ರಮೇಣ ಕ್ಷೌರವು ನಮ್ಮ ಕೈಗೇ ಬಂದಿತು. ಆ ತಾಳ್ಮೆಯು ಮಾತ್ರ ಬರಲಿಲ್ಲ. ಬಿಸಿನೀರಿನಲ್ಲಿ ನೆಂದ ಕೂದಲು ಮೃದುವಾಗುತ್ತದೆ. ಕುಂಚದಿಂದ ಎಬ್ಬಿಸಿದ ಸಾಬೂನಿನ ನೊರೆಯು ಆ ತೇವವನ್ನು ಹಿಡಿದಿಡುತ್ತದೆ. ಅಲಗನ್ನು ಒತ್ತದೆ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು. ಕೊನೆಗೆ ತಣ್ಣೀರು, ಪಟಿಕ. ಅಷ್ಟು ಹೊತ್ತು ಮನಸ್ಸಿಗೆ ಬೇರೆ ಚಿಂತೆಯಿಲ್ಲ.

ಇದು ಚಟವೂ ಆಗಬಲ್ಲುದು. ನನ್ನ ಬೀರುವಿನಲ್ಲಿ ಈಗ ಏಳು ಕುಂಚಗಳಿವೆ. ಆ ಹಿರಿಯರಲ್ಲಿದ್ದುದು ಒಂದೇ ಕತ್ತಿ. ಸುಖವಿರುವುದು ಸಲಕರಣೆಯಲ್ಲಲ್ಲ, ಸಾವಧಾನದಲ್ಲಿ.

ಸುಗ್ಗಿಯಲ್ಲಿ ನಾಲ್ಕು ಸೇರು ಜೋಳವನ್ನಳೆದು ಅವರ ಋಣ ತೀರಿತೆಂದು ನಾವು ಭಾವಿಸಿದ್ದೆವು. ಜಗುಲಿಯಿಂದ ಒಳಗೆ ಮಾತ್ರ ಅವರನ್ನು ಕರೆಯಲಿಲ್ಲ. ಅವರ ಕಾಯಕದ ಹಿರಿಮೆಯನ್ನು ಪ್ರತಿದಿನವೂ ನನ್ನ ಕೆನ್ನೆಯೇ ನನಗೆ ನೆನಪಿಸುತ್ತಿದೆ.