ಎದುರಾಳಿಯ ಮೇಲಿನ ಆರೋಪಕ್ಕೆ ಬೇಕಾದ ಆಧಾರ

ಭ್ರಷ್ಟಾಚಾರದ ಆರೋಪ ಹೊತ್ತ ಮುಖ್ಯಮಂತ್ರಿಗಳನ್ನು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳು ಕಂಡಿವೆ. ಸೊರಬದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಅಧಿಕಾರದಲ್ಲಿದ್ದರು. ಕಂಪ್ಯೂಟರ್ ಖರೀದಿಗೆ ಸಂಬಂಧಿಸಿದ ‘ಕ್ಲಾಸಿಕ್ ಕಂಪ್ಯೂಟರ್’ ಪ್ರಕರಣ ಅವರ ಹೆಸರಿಗೆ ಅಂಟಿಕೊಂಡಿತು. ಮುಂದೆ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಆರೋಪ ನೆನಪಿಟ್ಟವರಷ್ಟು ಜನ ತೀರ್ಪು ನೆನಪಿಟ್ಟಿಲ್ಲ.

ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಪ್ರಕರಣ ಇನ್ನೂ ಬಿಡಿಸಿ ನೋಡಬೇಕಾದ್ದು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾ. ಎನ್. ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈ 27ರಂದು ಸರ್ಕಾರದ ಕೈಸೇರಿತು. ಅದೇ ತಿಂಗಳ 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಬೆಂಗಳೂರಿನ ರಾಚೇನಹಳ್ಳಿಯಲ್ಲಿ ಅವರ ಕುಟುಂಬದವರಿಗಿದ್ದ ಸುಮಾರು ಒಂದು ಎಕರೆ ಜಮೀನನ್ನು ಗಣಿ ಕಂಪನಿಯೊಂದು 20 ಕೋಟಿ ರೂಪಾಯಿಗೆ ಕೊಂಡಿತ್ತು. ಕುಟುಂಬದ ಪ್ರೇರಣಾ ಟ್ರಸ್ಟ್‌ಗೆ ಗಣಿ ಕಂಪನಿಯ ಕಡೆಯಿಂದ ದೇಣಿಗೆಯೂ ಬಂದಿತ್ತು. ಕ್ರಯಪತ್ರ, ಬ್ಯಾಂಕ್ ಲೆಕ್ಕ ಇವು ದಾಖಲೆ. ಆ ಹಣ ಸರ್ಕಾರಿ ಕೃಪೆಗೆ ಕೊಟ್ಟ ಲಂಚ ಎಂಬುದು ಆ ದಾಖಲೆಯಿಂದ ಕಟ್ಟಿದ ತರ್ಕ, ಅದನ್ನು ಬೇರೆಯಾಗಿಯೇ ಸಾಬೀತು ಮಾಡಬೇಕು. 2016ರ ಅಕ್ಟೋಬರ್ 26ರಂದು ಈ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಸೇರಿ ಎಲ್ಲ ಆರೋಪಿಗಳನ್ನೂ ಖುಲಾಸೆಗೊಳಿಸಿತು.

ಹಾಗೆಂದು ವರದಿ ಬರೀ ಕಾಗದವಲ್ಲ. ಗಣಿ ಅಕ್ರಮದ ವಿಸ್ತಾರ ನಾಡಿಗೆ ಗೊತ್ತಾಗುವಲ್ಲಿ ಅದರ ಪಾತ್ರ ದೊಡ್ಡದು. ತಪ್ಪೆಂದರೆ ವರದಿಯನ್ನು ತೀರ್ಪೆಂದು ಭಾಷಣದಲ್ಲಿ ಓದುವುದು. ಖುಲಾಸೆ ಬಂದಮೇಲೆ ಆರೋಪವೇ ಇರಲಿಲ್ಲ ಎನ್ನುವುದೂ ಅಷ್ಟೇ ತಪ್ಪು. ತಮ್ಮ ಪಕ್ಷದವರಿಗೆ ‘ಖುಲಾಸೆ’, ಎದುರು ಪಕ್ಷದವರಿಗೆ ‘ಸಾಕ್ಷ್ಯ ಸಿಗದೆ ಬಚಾವ್’ ಎನ್ನುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ಆರೋಪಕ್ಕೂ ಸಾಬೀತಾದ ಸತ್ಯಕ್ಕೂ ನಡುವಿನ ಗೆರೆಯನ್ನು ಕಾನೂನೂ ಗುರುತಿಸಿದೆ. ವ್ಯಕ್ತಿಯ ಬಗ್ಗೆ ಹೇಳಿದ್ದು ಸತ್ಯವೂ ಆಗಿದ್ದು ಸಾರ್ವಜನಿಕ ಹಿತಕ್ಕೂ ಬೇಕಿದ್ದರೆ ಅದು ಮಾನಹಾನಿಯಾಗದು. ಶಾಸಕರು ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ. ಅದನ್ನೇ ಸಂತೆ ಮೈದಾನದ ವೇದಿಕೆಯಲ್ಲಿ ಆಡಿದರೆ ಇಲ್ಲ. ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹೇಳಿ, ಅವರ ಗೆಲುವಿಗೆ ಧಕ್ಕೆ ತರುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(4)ನೇ ಕಲಮಿನಂತೆ ಚುನಾವಣಾ ಭ್ರಷ್ಟಾಚಾರವೇ.

ಊರಮಟ್ಟದಲ್ಲಿ ಆಧಾರ ಸಿಗುವುದು ಅಷ್ಟೇನೂ ಕಷ್ಟವಲ್ಲ. ಸೊರಬದ ಉಳವಿ ಹೋಬಳಿಯ ಒಂದು ರಸ್ತೆ ಕಾಮಗಾರಿ ಎನ್ನೋಣ. ಅಂದಾಜು ಪಟ್ಟಿ, ಅಳತೆ ಪುಸ್ತಕ (ಎಂ.ಬಿ.), ಬಿಲ್ಲು ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಪಡೆದು, ಟೇಪು ಹಿಡಿದು ರಸ್ತೆ ಅಳೆದರೆ, ಎಷ್ಟು ಉದ್ದಕ್ಕೆ ಬಿಲ್ಲಾಗಿದೆ, ಎಷ್ಟು ಉದ್ದಕ್ಕೆ ಜಲ್ಲಿ ಬಿದ್ದಿದೆ ಎಂಬುದು ತಿಳಿಯುತ್ತದೆ. ವ್ಯತ್ಯಾಸ ಕಂಡರೂ ಹಣ ಯಾರ ಜೇಬಿಗೆ ಹೋಯಿತೆಂದು ಅಷ್ಟರಿಂದಲೇ ಹೇಳಲಾಗದು. ಲೋಕಾಯುಕ್ತಕ್ಕೆ ದೂರು ಕೊಡುವಾಗ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಬೇಕು, ಬೇಕೆಂದೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯೂ ಇದೆ. ವೇದಿಕೆಯ ಆರೋಪಗಳಲ್ಲಿ ಹೆಚ್ಚಿನವು ಆ ಪ್ರಮಾಣಪತ್ರದವರೆಗೆ ಬರುವುದೇ ಇಲ್ಲ.