ಮನೆಗೊಂದು ಎರಡನೆಯ ದಾರಿ



ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ನಾಲ್ವರು ಗೆಳತಿಯರೊಂದಿಗೆ ಬಾಡಿಗೆ ಮನೆಯಲ್ಲಿ ವಾಸ. ಐವರಿಗೂ ಸೇರಿ ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅವಳು ಸಂಶೋಧನಾ ಸಂಸ್ಥೆಯೊಂದರ ಸಂದರ್ಶನಕ್ಕೆಂದು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮೂರನೆಯ ಪ್ರಶ್ನೆಗೆ ಉತ್ತರಿಸುತ್ತಿದ್ದಾಗ ಪರದೆ ನಿಂತುಹೋಯಿತು. ಬೀದಿಯಲ್ಲಿ ಮರದ ಕೊಂಬೆ ಬಿದ್ದು ಕೇಬಲ್ ಕಡಿದಿತ್ತು. ಮೊಬೈಲಿನ ಮೂಲಕ ಮತ್ತೆ ಸೇರಿಕೊಳ್ಳುವ ಹೊತ್ತಿಗೆ ಅವಳ ಸರದಿ ಮುಗಿದಿತ್ತು.

"ಮಾವ, ಇನ್ನೊಂದು ಕನೆಕ್ಷನ್ ಹಾಕಿಸಿಬಿಡೋಣ ಅಂತಿದ್ದೀವಿ. ರಾತ್ರಿ ಹೊತ್ತು ಸ್ಪೀಡೂ ಇರಲ್ಲ" ಎಂದಳು.

"ಹಾಕಿಸಿ. ಆದರೆ ನಿಮಗಿರುವ ತೊಂದರೆ ಒಂದಲ್ಲ, ಎರಡು. ಮೊದಲು ಅವನ್ನು ಬೇರೆಬೇರೆ ಮಾಡಿ ನೋಡಿ" ಎಂದೆ.

ಮೊದಲನೆಯದು ನಿಧಾನ. ಇದನ್ನು ಅಳೆಯಬಹುದು. ಅವರು ಹಣ ಕೊಡುತ್ತಿದ್ದುದು ಸೆಕೆಂಡಿಗೆ 50 ಮೆಗಾಬಿಟ್ ವೇಗಕ್ಕೆ. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪನ್ನು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಿ ನೋಡಿದರೆ 47 ಬಂದಿತು. ಅದೇ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ವೈ-ಫೈ ಮೂಲಕ ಬಂದದ್ದು ಬರೀ 6. ಎಂದರೆ ಬೀದಿಯಿಂದ ಬರುವ ದಾರಿಯಲ್ಲಿ ದೋಷವಿರಲಿಲ್ಲ. ರೌಟರು ಉಕ್ಕಿನ ಬೀರುವಿನ ಹಿಂದೆ ಕುಳಿತಿತ್ತು! ರೇಡಿಯೋ ತರಂಗಗಳನ್ನು ಲೋಹ ತಡೆಯುತ್ತದೆ, ಗೋಡೆ ಕುಗ್ಗಿಸುತ್ತದೆ. ರೌಟರನ್ನು ನಡುಮನೆಯ ಎತ್ತರದ ಹಲಗೆಯ ಮೇಲಿಟ್ಟ ಮೇಲೆ ಆ ತೊಂದರೆ ಬಹುಮಟ್ಟಿಗೆ ಹೋಯಿತು. ಲೆಕ್ಕ ಹಾಕಿ ನೋಡಿ: ಒಂದು ವಿಡಿಯೋ ಕರೆಗೆ 3 ಮೆಗಾಬಿಟ್ ಎಂದಿಟ್ಟುಕೊಂಡರೂ ಐವರಿಗೆ 15 ಸಾಕು. ವೇಗಕ್ಕಾಗಿ ಎರಡನೆಯ ಸಂಪರ್ಕ ಅವರಿಗೆ ಬೇಕಿರಲಿಲ್ಲ.

ಎರಡನೆಯ ತೊಂದರೆ ಕಡಿತ. ಇದಕ್ಕೆ ಮಾತ್ರ ಎರಡನೆಯ ದಾರಿಯೇ ಮದ್ದು. ನೀವು ಕಲಿತ ಸಂಭವನೀಯತೆಯ ಪಾಠವನ್ನು ಇಲ್ಲಿ ನೆನಪಿಸಿಕೊಳ್ಳಿ. ಒಂದು ಸಂಪರ್ಕ ನೂರು ಗಂಟೆಯಲ್ಲಿ ಒಂದು ಗಂಟೆ ಕೆಡುತ್ತದೆ ಎಂದುಕೊಳ್ಳೋಣ. ಇನ್ನೊಂದೂ ಹಾಗೆಯೇ. ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರ ಗಂಟೆಗೆ ಒಂದು ಗಂಟೆ ಮಾತ್ರ. ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಎರಡು ಘಟನೆಗಳೂ ಸ್ವತಂತ್ರವಾಗಿರಬೇಕು. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದರೆ ಒಂದೇ ಕೊಂಬೆ ಎರಡನ್ನೂ ಕಡಿಯುತ್ತದೆ. ಕಂಪನಿಯ ಹೆಸರು ಬೇರೆಯಾದ ಮಾತ್ರಕ್ಕೆ ದಾರಿ ಬೇರೆಯಾಗುವುದಿಲ್ಲ. ಆದ್ದರಿಂದ ಕೇಬಲ್ ಎಳೆಯಲು ಬರುವವರನ್ನು ವೇಗಕ್ಕಿಂತ ಮೊದಲು "ನಿಮ್ಮ ಲೈನ್ ಯಾವ ಬೀದಿಯಿಂದ ಬರುತ್ತದೆ?" ಎಂದು ಕೇಳಬೇಕು. ಈ ಹುಡುಗಿಯರು ಹಿತ್ತಲ ಕಡೆಯ ಓಣಿಯಿಂದ ಬರುವುದನ್ನು ಆರಿಸಿದರು. ಅತಿ ಕಡಿಮೆ ದರದ ಯೋಜನೆ. ಖರ್ಚು ಐದು ಪಾಲು.

ಇನ್ನು ಜೋಡಿಸುವ ಬಗೆ. ಮನೆಯ ಪ್ರತಿಯೊಂದು ಉಪಕರಣಕ್ಕೂ ರೌಟರು 192.168ರಿಂದ ಆರಂಭವಾಗುವಂಥ ಒಂದು ಒಳವಿಳಾಸವನ್ನು ಹಂಚುತ್ತದೆ. ಎರಡು ರೌಟರುಗಳನ್ನು ಸುಮ್ಮನೆ ಒಂದು ತಂತಿಯಿಂದ ಕೂಡಿಸಿದರೆ ಎರಡೂ ವಿಳಾಸ ಹಂಚತೊಡಗಿ ಗೊಂದಲವಾಗುತ್ತದೆ. ಎರಡು ಹೊರಸಂಪರ್ಕಗಳನ್ನು ಸ್ವೀಕರಿಸುವ 'ಡ್ಯುಯಲ್ ವ್ಯಾನ್' ರೌಟರು ಸಿಗುತ್ತದೆ. ಮೊದಲ ದಾರಿ ಮುಚ್ಚಿದರೆ ಅದು ತಾನಾಗಿಯೇ ಎರಡನೆಯದಕ್ಕೆ ತಿರುಗುತ್ತದೆ. ಆಗ ಹೊರವಿಳಾಸ ಬದಲಾಗುವುದರಿಂದ ನಡೆಯುತ್ತಿರುವ ಕರೆ ಸ್ವಲ್ಪ ಹೊತ್ತು ನಿಂತು ಮತ್ತೆ ಕೂಡಿಕೊಳ್ಳಬೇಕಾಗಬಹುದು.

ಎರಡನ್ನೂ ಏಕಕಾಲಕ್ಕೆ ಬಳಸುವುದೂ ಸಾಧ್ಯ. ಆದರೆ 50ಕ್ಕೆ 50 ಸೇರಿ ಒಂದೇ ಫೈಲು 100ರ ವೇಗದಲ್ಲಿ ಇಳಿದೀತೆಂದು ಸಾಮಾನ್ಯವಾಗಿ ನಿರೀಕ್ಷಿಸುವಂತಿಲ್ಲ. ರೈಲು ನಿಲ್ದಾಣದಲ್ಲಿ ಎರಡು ಟಿಕೆಟ್ ಕೌಂಟರ್ ತೆರೆದರೆ ಸಾಲು ಬೇಗ ಕರಗುತ್ತದೆ. ಕೌಂಟರಿನ ಮುಂದೆ ನಿಂತ ಒಬ್ಬನಿಗೆ ಟಿಕೆಟ್ ಕೊಡುವ ಹೊತ್ತು ಅಷ್ಟೇ ಇರುತ್ತದೆ.

ಇನ್ನೊಂದು ಮಾತು. ಈ ಪೆಟ್ಟಿಗೆಗಳೆಲ್ಲ ನಡೆಯುವುದು ವಿದ್ಯುತ್ತಿನಿಂದ. ಕರೆಂಟು ಹೋದರೆ ಎರಡು ದಾರಿಯೂ ಒಟ್ಟಿಗೆ ಮುಚ್ಚುತ್ತವೆ. ಮತ್ತೆ ಅದೇ ಸ್ವಾತಂತ್ರ್ಯದ ಷರತ್ತು! ರೌಟರಿಗೆ ಮತ್ತು ಕೇಬಲ್ ಬಂದು ಸೇರುವ ಪೆಟ್ಟಿಗೆಗಳಿಗೆ ಒಂದು ಸಣ್ಣ ಯು.ಪಿ.ಎಸ್. ಇರಲಿ.

ನೇರ ಪ್ರಸಾರಕ್ಕೆ ಮೊದಲು ನಾವು ಬದಲಿ ಮಾರ್ಗವನ್ನು ಸಿದ್ಧವಾಗಿಟ್ಟು, ಮುಖ್ಯ ಮಾರ್ಗವನ್ನು ಬೇಕೆಂದೇ ತೆಗೆದು ಪರೀಕ್ಷಿಸುತ್ತೇವೆ. ಪರೀಕ್ಷಿಸದ ಬದಲಿ ಮಾರ್ಗವನ್ನು ಇದೆಯೆಂದು ನಂಬುವಂತಿಲ್ಲ. ನನ್ನ ಸೊಸೆಗೂ ಇದನ್ನೇ ಹೇಳಿದೆ. ಮುಂದಿನ ಸಂದರ್ಶನದ ಹಿಂದಿನ ಸಂಜೆ ಗೆಳತಿಯೊಬ್ಬಳು ವಿಡಿಯೋ ಕರೆಯಲ್ಲಿದ್ದಾಗ ಇವಳು ಮೊದಲ ಕೇಬಲನ್ನು ಕಿತ್ತಳು. ಚಿತ್ರ ನಿಂತಿತು, ಅರ್ಧ ನಿಮಿಷದೊಳಗೆ ಮರಳಿತು. ಅಂದು ರಾತ್ರಿ ಅವಳು ನೆಮ್ಮದಿಯಿಂದ ಮಲಗಿದಳಂತೆ.

ನಿಮ್ಮ ಮನೆಯಲ್ಲೂ ಎರಡನೆಯ ಸಂಪರ್ಕದ ಮಾತು ಬಂದರೆ, ಮೊದಲು ಒಂದು ವಾರ ಟಿಪ್ಪಣಿ ಇಡಿ: ಯಾವ ಹೊತ್ತು, ಯಾವ ಕೋಣೆ, ನಿಧಾನವೋ ಕಡಿತವೋ. ಹಣ ಖರ್ಚು ಮಾಡಬೇಕೇ, ಬೀರು ಸರಿಸಿದರೆ ಸಾಕೇ ಎಂಬುದನ್ನು ಆ ಟಿಪ್ಪಣಿಯೇ ಹೇಳುತ್ತದೆ.